ಗಾಬರಿಯಾದಾಗ ಉಸಿರು ಎಳೆಯುವುದಕ್ಕಿಂತ ಬಿಡುವುದು ಮುಖ್ಯ

ಯಾರಿಗಾದರೂ ಗಾಬರಿಯಾಯಿತು ಅಂದರೆ ಸುತ್ತ ಇರುವವರು ಮೊದಲು ಹೇಳುವ ಮಾತು ಒಂದೇ: "ಜೋರಾಗಿ ಉಸಿರು ಎಳ್ಕೊಳ್ಳಿ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಸಲಹೆ ಅರ್ಧ ಮಾತ್ರ ಸರಿ. ಒತ್ತಡ ಇಳಿಸುವ ಕೆಲಸ ಹೆಚ್ಚಾಗಿ ನಡೆಯುವುದು ಉಸಿರು ನಿಧಾನಕ್ಕೆ ಹೊರಗೆ ಹೋಗುವಾಗ. ಬರೀ ಜೋರಾಗಿ ಎಳೆಯುತ್ತಾ ಹೋದರೆ ಕೆಲವರಿಗೆ ಗಾಬರಿ ಇನ್ನೂ ಜಾಸ್ತಿಯಾಗುತ್ತದೆ. ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಅಭ್ಯಾಸ ಮಾಡುವುದೂ ಸುಲಭ. ಕೊಡಗಿನಲ್ಲಿ ಕೂತು ಬರೆಯುತ್ತಿರುವುದರಿಂದ ಉದಾಹರಣೆಗಳೂ ಇಲ್ಲಿಯವೇ.

ಆನೆ ಬಂದರೂ ಅದೇ, ಫೋನ್ ಬಂದರೂ ಅದೇ

ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯ ತೋಟಗಳಲ್ಲಿ ಕೆಲಸ ಮಾಡುವವರಿಗೆ ಆನೆ ಎದುರಾಗುವುದು ಹೊಸ ವಿಷಯವೇನಲ್ಲ. ಬೆಳಿಗ್ಗೆ ಕಾಫಿ ಸಾಲಿನ ಆಚೆ ಕೊಂಬೆ ಮುರಿದ ಸದ್ದು ಕೇಳಿದ ತಕ್ಷಣ ಮೈ ತಾನಾಗಿಯೇ ತಯಾರಾಗಿಬಿಡುತ್ತದೆ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಬಿಡುತ್ತವೆ. ಎದೆ ಬಡಿತ ಏರುತ್ತದೆ. ಹೊಟ್ಟೆಯ ಕಡೆ ಹೋಗುವ ರಕ್ತ ಕಡಿಮೆಯಾಗಿ ಕೈಕಾಲಿನ ಸ್ನಾಯುಗಳಿಗೆ ಜಾಸ್ತಿ ಹೋಗುತ್ತದೆ. ಉಸಿರು ಎದೆಯ ಮೇಲ್ಭಾಗಕ್ಕೆ ಬಂದು ಬೇಗ ಬೇಗ ಓಡುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ಹೊತ್ತಿಗೇ ಇದನ್ನು ವಿವರಿಸಿದ್ದರು. ಹೋರಾಡುವುದಕ್ಕೋ ಓಡುವುದಕ್ಕೋ ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಆನೆ ಎದುರಿಗಿದ್ದಾಗ ಇದು ಬೇಕೇ ಬೇಕು. ಆಗ ಅಲ್ಲಿಂದ ದೂರ ಹೋಗುವುದೊಂದೇ ಕೆಲಸ, ಉಸಿರಾಟದ ಅಭ್ಯಾಸಕ್ಕೆ ಅದು ಹೊತ್ತಲ್ಲ.

ತೊಂದರೆ ಶುರುವಾಗುವುದು ಬೇರೆ ಕಡೆ. ಕಣದಲ್ಲಿ ಕಾಫಿ ಹರವಿದ್ದೀರಿ, ಡಿಸೆಂಬರ್‌ನಲ್ಲಿ ಅಕಾಲಕ್ಕೆ ಮೋಡ ಕಟ್ಟುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಬಿಡಲು ಬರಬೇಕಾದ ಹೂಮಳೆ ಬರುವುದಿಲ್ಲ. ಮಗಳ ಪಿಯುಸಿ ರಿಸಲ್ಟ್ ನಾಳೆ. ಸಾಲದ ಕಂತು ಬಾಕಿ ಇದೆ ಅಂತ ಫೋನ್ ಬರುತ್ತದೆ. ಇವುಗಳಲ್ಲಿ ಯಾವುದರಿಂದಲೂ ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದರೂ ಮೈ ಮಾತ್ರ ಅದೇ ಸಿದ್ಧತೆ ಮಾಡಿಕೊಳ್ಳುತ್ತದೆ. ಆನೆ ಹೋದ ಮೇಲೆ ಎದೆ ಬಡಿತ ಇಳಿಯುತ್ತದೆ. ಸಾಲದ ಚಿಂತೆ ಹೋಗುವುದೇ ಇಲ್ಲ, ಹಾಗಾಗಿ ಮೈಯೂ ಪೂರ್ತಿ ಇಳಿಯುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಹೀಗೇ ಇದ್ದರೆ ನಿದ್ದೆ ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಸುಮ್ ಸುಮ್ನೆ ಸಿಟ್ಟು ಬರುತ್ತದೆ.

ನಮ್ಮ ಜಿಲ್ಲೆಗೆ ಇದರ ಮೇಲೆ ಇನ್ನೊಂದು ಭಾರವೂ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅದನ್ನು ಕಂಡ ಮನೆಗಳಲ್ಲಿ ಜೂನ್ ಬಂತು ಅಂದರೆ ಕೆಲವರ ನಿದ್ದೆ ಹೋಗುತ್ತದೆ. ನಮ್ಮ ನೆರೆಮನೆಯ ಹೆಂಗಸೊಬ್ಬರು ಒಂದು ಸಂಜೆ ಹೇಳಿದ್ದು ಹೀಗೆ: "ಅಕ್ಕಾ, ಮಳೆ ಸದ್ದು ಜೋರಾದ್ರೆ ಎದೆ ಹಿಡಿದ ಹಾಗೆ ಆಗ್ತದೆ. ಎಷ್ಟು ಎಳೆದ್ರೂ ಉಸಿರು ಒಳಗೆ ಹೋಗುದಿಲ್ಲ."

ಅವರು ಮಾತಾಡುತ್ತಿದ್ದಾಗಲೇ ನಾನು ಅವರ ಭುಜ ನೋಡುತ್ತಿದ್ದೆ. ಪ್ರತಿ ಉಸಿರಿಗೂ ಭುಜ ಕಿವಿಯ ಕಡೆ ಏರುತ್ತಿತ್ತು. ಕತ್ತಿನ ಎರಡೂ ಬದಿಯ ಸ್ನಾಯುಗಳು ಬಿಗಿದುಕೊಂಡಿದ್ದವು. ಸೀರೆಯ ನೆರಿಗೆಯ ಹತ್ತಿರ ಹೊಟ್ಟೆ ಅಲುಗುತ್ತಲೇ ಇರಲಿಲ್ಲ. ಒಂದು ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ಇನ್ನೊಂದನ್ನು ಎಳೆಯುತ್ತಿದ್ದರು. ಮೊದಲೇ ಮುಕ್ಕಾಲು ತುಂಬಿದ ಎದೆಗೆ ಇನ್ನೂ ಎಳೆದರೆ ಹೋಗುವುದಾದರೂ ಎಲ್ಲಿಗೆ? ಉಸಿರು ಒಳಗೆ ಹೋಗುತ್ತಿಲ್ಲ ಅಂತ ಅವರಿಗೆ ಅನ್ನಿಸಿದ್ದು ನಿಜ. ಆದರೆ ಕಾರಣ ಹಳೆಯ ಗಾಳಿ ಹೊರಗೆ ಹೋಗದೆ ಇದ್ದದ್ದು. "ಎಳೀಬೇಡಿ, ಮೊದಲು ಬಿಡಿ, ಇನ್ನೂ ಬಿಡಿ" ಅಂದೆ. ಸ್ವಲ್ಪ ಹೊತ್ತಿನಲ್ಲಿ ಭುಜ ಕೆಳಗಿಳಿಯಿತು.

ಉಸಿರಿಗೂ ಎದೆ ಬಡಿತಕ್ಕೂ ಇರುವ ನಂಟು

ಎದೆ ಬಡಿತ, ಬಿ.ಪಿ., ಜೀರ್ಣ, ಬೆವರು, ಇವೆಲ್ಲ ನಮ್ಮನ್ನು ಕೇಳಿ ನಡೆಯುವುದಿಲ್ಲ. "ಬಡಿತ ನಿಧಾನ ಆಗಲಿ" ಅಂತ ಮನಸ್ಸಿನಲ್ಲಿ ಅಂದುಕೊಂಡರೆ ಅದು ಆಗುವುದಿಲ್ಲ. ಉಸಿರಾಟ ಮಾತ್ರ ಎರಡೂ ಕಡೆ ಸೇರಿದ್ದು. ನಿದ್ದೆಯಲ್ಲಿ ತಾನೇ ನಡೆಯುತ್ತದೆ, ಎಚ್ಚರದಲ್ಲಿ ನಾವು ಹೇಳಿದಂತೆಯೂ ಕೇಳುತ್ತದೆ. ನಮ್ಮ ಮಾತು ಕೇಳದ ಉಳಿದ ಕೆಲಸಗಳನ್ನು ಮುಟ್ಟಲು ನಮಗೆ ಸುಲಭವಾಗಿ ಸಿಗುವ ದಾರಿ ಇದು.

ಮುಟ್ಟುವುದು ಹೇಗೆ? ಮಿದುಳಿನ ಬುಡದಿಂದ ಹೊರಟು ಕತ್ತು, ಎದೆ ದಾಟಿ ಹೊಟ್ಟೆಯವರೆಗೂ ಇಳಿಯುವ ಒಂದು ಉದ್ದದ ನರ ಇದೆ. ಹೆಸರು ವೇಗಸ್. ವಿಶ್ರಾಂತಿ ಕೊಡುವ ನರಜಾಲದಲ್ಲಿ ಇದೇ ದೊಡ್ಡದು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ಮನೆ ಕೂತಾಗ ನಮ್ಮ ಬಡಿತ 70ರ ಆಸುಪಾಸು ಇರುವುದು ವೇಗಸ್ ಅದನ್ನು ತಡೆದು ಇಟ್ಟುಕೊಂಡಿರುವುದರಿಂದ. ಸಂಪಾಜೆ ಘಾಟಿ ಇಳಿಯುವಾಗ ಡ್ರೈವರ್ ಗೇರ್ ಇಳಿಸಿ ಗಾಡಿಯನ್ನು ಹಿಡಿದುಕೊಳ್ಳುತ್ತಾನಲ್ಲ, ಹಾಗೆ. ಉಸಿರು ಎಳೆದುಕೊಳ್ಳುವಾಗ ಈ ಹಿಡಿತ ಸ್ವಲ್ಪ ಸಡಿಲವಾಗುತ್ತದೆ, ಬಡಿತ ಏರುತ್ತದೆ. ಬಿಡುವಾಗ ಹಿಡಿತ ಮತ್ತೆ ಬಿಗಿಯಾಗುತ್ತದೆ, ಬಡಿತ ಇಳಿಯುತ್ತದೆ.

ಇದನ್ನು ನಂಬಲೇಬೇಕು ಅಂತಿಲ್ಲ, ಈಗಲೇ ನೋಡಬಹುದು. ಎಡಗೈ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಎರಡು ಬೆರಳು ಇಡಿ. ನಾಡಿ ಸಿಕ್ಕಿದ ಮೇಲೆ ನಿಧಾನಕ್ಕೆ ಉಸಿರು ಎಳೆಯಿರಿ, ಇನ್ನೂ ನಿಧಾನಕ್ಕೆ ಬಿಡಿ. ಎಳೆಯುವಾಗ ನಾಡಿ ಸ್ವಲ್ಪ ಚುರುಕಾಗುವುದು, ಬಿಡುವಾಗ ಎರಡು ಬಡಿತದ ನಡುವೆ ಅಂತರ ಹೆಚ್ಚುವುದು ಬೆರಳಿಗೇ ತಿಳಿಯುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ವಯಸ್ಸಾದಂತೆ ಕಡಿಮೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಮಾಡಿಸಿ ನೋಡಿ, ಅವರ ಮುಖ ಅರಳುತ್ತದೆ. ಉದ್ದಕ್ಕೆ ಉಸಿರು ಬಿಡಿ ಅಂತ ಹೇಳುವುದರ ಹಿಂದಿನ ಕಾರಣ ಇಷ್ಟೇ. ಬಿಡುವ ಹೊತ್ತು ಹೆಚ್ಚಾದಷ್ಟೂ ಬಡಿತ ಇಳಿಯುವುದಕ್ಕೆ ಸಮಯ ಸಿಗುತ್ತದೆ.

ನಿಮಿಷಕ್ಕೆ ಆರು

ಆರಾಮಾಗಿ ಕೂತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು ಸುಮಾರು 6ಕ್ಕೆ ಇಳಿಸಿದಾಗ ಒಂದು ವಿಶೇಷ ನಡೆಯುತ್ತದೆ. ಕತ್ತಿನ ದೊಡ್ಡ ರಕ್ತನಾಳಗಳಲ್ಲಿ ಮತ್ತು ಹೃದಯದಿಂದ ಹೊರಡುವ ಮುಖ್ಯ ನಾಳದಲ್ಲಿ ರಕ್ತದ ಒತ್ತಡವನ್ನು ಗಮನಿಸುವ ನರತುದಿಗಳಿವೆ. ಒತ್ತಡ ಏರಿದರೆ ಅವು ಮಿದುಳಿಗೆ ತಿಳಿಸುತ್ತವೆ, ಮಿದುಳು ಬಡಿತ ಇಳಿಸುತ್ತದೆ. ಈ ಏರಿಳಿತಕ್ಕೆ ಸುಮಾರು 10 ಸೆಕೆಂಡಿನ ಲಯವಿದೆ. ಉಸಿರೂ 10 ಸೆಕೆಂಡಿಗೆ ಒಂದಾದರೆ ಎರಡೂ ಲಯ ಕೂಡಿಕೊಳ್ಳುತ್ತವೆ. ಬಡಿತದ ಏರಿಳಿತ ದೊಡ್ಡದಾಗುತ್ತದೆ, ರಕ್ತದ ಒತ್ತಡವನ್ನು ಸರಿದೂಗಿಸುವ ವ್ಯವಸ್ಥೆ ಚುರುಕಾಗುತ್ತದೆ.

ಇಟಲಿಯ ವೈದ್ಯ ಲುಚಿಯಾನೋ ಬರ್ನಾರ್ಡಿ ಮತ್ತು ಜೊತೆಗಾರರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಇಷ್ಟ. 23 ಆರೋಗ್ಯವಂತರಿಗೆ ಲ್ಯಾಟಿನ್ ಜಪಸರದ ಪ್ರಾರ್ಥನೆಯನ್ನೂ ಟಿಬೆಟನ್ನರ ಓಂ ಮಣಿ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ತಾನಾಗಿಯೇ ನಿಮಿಷಕ್ಕೆ 6ರ ಹತ್ತಿರ ಇಳಿಯಿತು. ನಮಗೆ ಈ ಎರಡೂ ದೂರದವಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್‌ನ ಊರಿನಲ್ಲಿ ಜಪಸರ ಹಿಡಿದವರು ಇದ್ದಾರೆ. ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆ, ಅಲ್ಲಿ ಅದೇ ಮಣಿ ಮಂತ್ರ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ದುಡಿ ಬಡಿದು ಹಾಡುವವರನ್ನೂ ಗಮನಿಸಿ, ಸಾಲು ಮುಗಿಯುವ ತನಕ ಉಸಿರು ಹೊರಗೇ ಹೋಗುತ್ತಿರುತ್ತದೆ. ದೇವರ ಕೋಣೆಯಲ್ಲಿ ಸಹಸ್ರನಾಮ ಹೇಳುವ ಅಜ್ಜಿಗೂ ಅಷ್ಟೇ. ಯಾವ ನಂಬಿಕೆಯವರಾದರೂ ಸರಿ, ನಂಬಿಕೆ ಇಲ್ಲದವರಾದರೂ ಸರಿ, ಸಾಲು ಉದ್ದವಾದರೆ ಉಸಿರು ಬಿಡುವುದೂ ಉದ್ದವಾಗುತ್ತದೆ.

ಆಮ್ಲಜನಕದ ಲೆಕ್ಕ

ದೀರ್ಘ ಉಸಿರಾಟದಿಂದ ರಕ್ತಕ್ಕೆ ಜಾಸ್ತಿ ಆಮ್ಲಜನಕ ಸಿಗುತ್ತದೆ, ಅದಕ್ಕೇ ನೆಮ್ಮದಿ ಅಂತ ಎಲ್ಲ ಕಡೆ ಹೇಳುತ್ತಾರೆ. ಇದು ಸರಿಯಲ್ಲ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿದೆ ಅಲ್ವಾ? ಆರೋಗ್ಯವಂತರಿಗೆ ಅದು ಸಾಮಾನ್ಯವಾಗಿ 95ಕ್ಕಿಂತ ಮೇಲೆಯೇ ತೋರಿಸುತ್ತಿತ್ತು. ತುಂಬಿದ್ದಕ್ಕೆ ಇನ್ನಷ್ಟು ತುಂಬುವುದು ಅಷ್ಟರಲ್ಲೇ ಇದೆ.

ಆದರೆ ನಿಧಾನ ಉಸಿರಿಗೆ ಬೇರೆ ಲಾಭವಿದೆ. ಪ್ರತಿ ಉಸಿರಿನಲ್ಲೂ ಸುಮಾರು 150 ಮಿಲಿಲೀಟರ್ ಗಾಳಿ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ವಾಪಸ್ ಬರುತ್ತದೆ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳನ್ನು ಅದು ಮುಟ್ಟುವುದೇ ಇಲ್ಲ. ಗಾಬರಿಯಲ್ಲಿ ಒಬ್ಬರು ನಿಮಿಷಕ್ಕೆ 24 ಸಲ, ಸಲಕ್ಕೆ 250 ಮಿಲಿಲೀಟರ್ ಎಳೆಯುತ್ತಾರೆ ಅಂದುಕೊಳ್ಳಿ. ಒಟ್ಟು 6 ಲೀಟರ್. ಅದರಲ್ಲಿ 3.6 ಲೀಟರ್ ದಾರಿಯಲ್ಲೇ ವ್ಯರ್ಥ, ಕೆಲಸಕ್ಕೆ ಬರುವುದು 2.4 ಲೀಟರ್. ಇನ್ನೊಬ್ಬರು ನಿಮಿಷಕ್ಕೆ 6 ಸಲ, ಸಲಕ್ಕೆ 1 ಲೀಟರ್ ಎಳೆಯುತ್ತಾರೆ. ಒಟ್ಟು ಅದೇ 6 ಲೀಟರ್. ವ್ಯರ್ಥವಾಗುವುದು 0.9 ಲೀಟರ್ ಮಾತ್ರ, 5.1 ಲೀಟರ್ ಕೆಲಸಕ್ಕೆ ಬರುತ್ತದೆ. "ಇಷ್ಟು ನಿಧಾನಕ್ಕೆ ಉಸಿರಾಡಿದರೆ ಸಾಕಾಗುತ್ತದಾ" ಅಂತ ಭಯಪಡುವವರಿಗೆ ಈ ಲೆಕ್ಕ ಹೇಳಬೇಕು.

ಇನ್ನು ಜೋರಾಗಿಯೂ ಎಳೆದು, ಬೇಗ ಬೇಗವೂ ಎಳೆದರೆ? ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಹೋಗುತ್ತದೆ. ಅದು ಬರೀ ಕಸ ಅಂತ ಶಾಲೆಯಲ್ಲಿ ಓದಿದ ನೆನಪು ಇರಬಹುದು. ಆದರೆ ಮಿದುಳಿನ ರಕ್ತನಾಳ ಎಷ್ಟು ಅಗಲ ಇರಬೇಕು ಅನ್ನುವುದನ್ನು ತೀರ್ಮಾನಿಸುವುದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಅದು ಕಡಿಮೆಯಾದರೆ ನಾಳಗಳು ಕಿರಿದಾಗುತ್ತವೆ. ತಲೆ ತಿರುಗುತ್ತದೆ, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮ್ಮೆನ್ನುತ್ತದೆ, ಎದೆ ಬಿಗಿಯುತ್ತದೆ. "ಏನೋ ಆಗ್ತಿದೆ" ಅಂತ ಭಯ ಹೆಚ್ಚಾಗಿ ಉಸಿರು ಇನ್ನೂ ಬೇಗ ಓಡುತ್ತದೆ. ಜೋರಾಗಿ ಎಳ್ಕೊ ಅನ್ನುವ ಸಲಹೆ ಕೈಕೊಡುವುದು ಇಲ್ಲೇ. ಕಾಗದದ ಚೀಲಕ್ಕೆ ಬಾಯಿ ಇಟ್ಟು ಉಸಿರಾಡಿಸುವ ಹಳೇ ಪದ್ಧತಿ ಮಾತ್ರ ಬೇಡ. ನಿಜವಾದ ಹೃದಯದ ತೊಂದರೆಯೋ ಆಸ್ತಮಾವೋ ಇದ್ದರೆ ಅದು ಅಪಾಯ.

ಮನಸ್ಸು ಉಸಿರನ್ನು ಬದಲಿಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಉಸಿರು ಮನಸ್ಸನ್ನು ಬದಲಿಸುವ ದಾರಿ 2017ರಲ್ಲಿ ಇಲಿಗಳಲ್ಲಿ ಸ್ಪಷ್ಟವಾಗಿ ಸಿಕ್ಕಿತು. ಮಿದುಳಿನ ಬುಡದಲ್ಲಿ ಉಸಿರಿನ ಲಯ ಹುಟ್ಟಿಸುವ ಒಂದು ಜಾಗವಿದೆ. ಅಲ್ಲಿನ ಸಣ್ಣ ಗುಂಪಿನ ನರಕೋಶಗಳು ಇಡೀ ಮಿದುಳನ್ನು ಎಚ್ಚರಿಸುವ ಕೇಂದ್ರಕ್ಕೆ ಸುದ್ದಿ ಕಳಿಸುತ್ತಿರುತ್ತವೆ. ಆ ಕೋಶಗಳನ್ನು ತೆಗೆದಾಗ ಇಲಿಗಳ ಉಸಿರಾಟ ನಿಲ್ಲಲಿಲ್ಲ, ಆದರೆ ಅವು ವಿಚಿತ್ರವಾಗಿ ಶಾಂತವಾದವು. ಮನುಷ್ಯರ ಬಗ್ಗೆ ಇದರಿಂದ ನೇರ ತೀರ್ಪು ಕೊಡಬಾರದು. ಆದರೂ ಉಸಿರು ಬೇಗ ಓಡಿದಷ್ಟೂ ಮಿದುಳಿಗೆ ಎಚ್ಚರದ ಸುದ್ದಿ ಹೋಗುತ್ತದೆ ಅನ್ನುವುದಕ್ಕೆ ಇದು ಒಳ್ಳೆಯ ಸುಳಿವು.

ಮಾಡುವ ಬಗೆ

ಮೊದಲ ಸಲ ಮಲಗಿಕೊಂಡೇ ಮಾಡಿ. ಚಾಪೆ ಹಾಸಿ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ನೆಲದ ಮೇಲೆ ಊರಿ. ಒಂದು ಅಂಗೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ. ಸೊಂಟದ ಪಟ್ಟಿ, ಸೀರೆಯ ಲಂಗದ ದಾರ ಬಿಗಿಯಾಗಿದ್ದರೆ ಸಡಿಲ ಮಾಡಿಕೊಳ್ಳಿ. ಇದು ಸಣ್ಣ ವಿಷಯ ಅನ್ನಿಸಿದರೂ ಅಲ್ಲ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಕೆಳಗಿಳಿದಾಗ ಹೊಟ್ಟೆ ಮುಂದಕ್ಕೆ ಬರಲೇಬೇಕು. ದಾರ ಬಿಗಿದಿದ್ದರೆ ಅದು ಇಳಿಯುವುದಕ್ಕೆ ಜಾಗ ಇರುವುದಿಲ್ಲ, ಉಸಿರು ಮತ್ತೆ ಎದೆಗೆ ಏರುತ್ತದೆ.

ಈಗ ಮೊದಲು ಉಸಿರು ಬಿಡಿ. ತುಟಿ ಸ್ವಲ್ಪ ಚೂಪು ಮಾಡಿ, ಸದ್ದಿಲ್ಲದೆ, ಹೊಟ್ಟೆ ಒಳಗೆ ಹೋಗುವ ತನಕ. ಒತ್ತಿ ಹಿಂಡಬೇಡಿ. ಆಮೇಲೆ ಮೂಗಿನಿಂದ ಉಸಿರು ತಾನಾಗಿ ಬರಲಿ, ಮನಸ್ಸಿನಲ್ಲೇ ನಾಲ್ಕು ಎಣಿಸಿ. ಹೊಕ್ಕುಳ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚುಕಡಿಮೆ ಇದ್ದಲ್ಲೇ ಇರಬೇಕು. ಪೂರ್ತಿ ತುಂಬಿಸಬೇಡಿ, ಮುಕ್ಕಾಲು ಸಾಕು. ಬಿಡುವಾಗ ಆರು ಎಣಿಸಿ. ನಾಲ್ಕು ಮತ್ತು ಆರು ಸೇರಿ 10 ಸೆಕೆಂಡ್, ನಿಮಿಷಕ್ಕೆ ಆರು ಉಸಿರು. ನಾಲ್ಕು, ಆರು ಕಷ್ಟ ಅನ್ನಿಸಿದರೆ ಮೂರು, ನಾಲ್ಕರಿಂದ ಶುರು ಮಾಡಿ. ಎಣಿಕೆಗಿಂತ ಬಿಡುವುದು ಎಳೆಯುವುದಕ್ಕಿಂತ ಉದ್ದ ಇರುವುದೇ ಮುಖ್ಯ. ಮಧ್ಯೆ ಗಾಳಿಗೆ ಹಸಿವಾದಂತೆ ಅನ್ನಿಸಿದರೆ ಒಂದೆರಡು ಸಲ ಮಾಮೂಲಿ ಉಸಿರಾಡಿ ಮುಂದುವರಿಸಿ. ಐದು ನಿಮಿಷ ಸಾಕು.

ತಕ್ಷಣಕ್ಕೆ ಬೇಕಾದಾಗ ಇನ್ನೊಂದು ಇದೆ. ಮೂಗಿನಿಂದ ಒಂದು ಸಲ ಚೆನ್ನಾಗಿ ಎಳೆದು, ಅದರ ಮೇಲೆ ಇನ್ನೊಂದು ಚಿಕ್ಕ ಎಳೆತ, ಆಮೇಲೆ ಬಾಯಿಂದ ಉದ್ದಕ್ಕೆ ಬಿಡುವುದು. ನಿಟ್ಟುಸಿರಿನ ರೀತಿಯೇ. ನಮಗೆ ಗೊತ್ತಿಲ್ಲದೆಯೇ ಸುಮಾರು ಐದು ನಿಮಿಷಕ್ಕೊಮ್ಮೆ ದೇಹ ಒಂದು ದೊಡ್ಡ ಉಸಿರು ತೆಗೆದುಕೊಳ್ಳುತ್ತದೆ. ಮುಚ್ಚಿಕೊಂಡ ಗಾಳಿಚೀಲಗಳು ಅದರಿಂದ ಮತ್ತೆ ತೆರೆದುಕೊಳ್ಳುತ್ತವೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ಜನ ಒಂದು ತಿಂಗಳು ದಿನಕ್ಕೆ ಐದು ನಿಮಿಷ ಅಭ್ಯಾಸ ಮಾಡಿದರು. ಕೆಲವರಿಗೆ ಈ ನಿಟ್ಟುಸಿರು, ಕೆಲವರಿಗೆ ಬೇರೆ ಉಸಿರಾಟ, ಉಳಿದವರಿಗೆ ಧ್ಯಾನ. ಆತಂಕ ಎಲ್ಲ ಗುಂಪಿನಲ್ಲೂ ಇಳಿಯಿತು. ಮನಸ್ಸು ಉಲ್ಲಾಸವಾಗುವುದರಲ್ಲಿ ನಿಟ್ಟುಸಿರಿನ ಗುಂಪು ಧ್ಯಾನದ ಗುಂಪಿಗಿಂತ ಮುಂದಿತ್ತು. ಒಂದೇ ಅಧ್ಯಯನ ಅನ್ನುವುದನ್ನು ಮರೆಯಬಾರದು. ಆದರೆ ಖರ್ಚಿಲ್ಲದ, ಸುಲಭದ ಕೆಲಸ, ಮಾಡಿ ನೋಡಲು ಅಡ್ಡಿಯಿಲ್ಲ.

ನಾಲ್ಕು ಎಣಿಸಿ ಎಳೆದು, ನಾಲ್ಕು ಹಿಡಿದು, ನಾಲ್ಕು ಬಿಟ್ಟು, ಮತ್ತೆ ನಾಲ್ಕು ಹಿಡಿಯುವ ಕ್ರಮವನ್ನು ಸೈನಿಕರು, ಆಟಗಾರರು ಬಳಸುತ್ತಾರೆ. ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿಯ ಪಂದ್ಯ ಶೂಟೌಟ್‌ಗೆ ಹೋದಾಗ ಚೆಂಡಿನ ಮುಂದೆ ನಿಲ್ಲುವ ಹುಡುಗನಿಗೆ ಇದು ಒಗ್ಗಬಹುದು. ಏಕೆಂದರೆ ಅವನಿಗೆ ನಿದ್ದೆ ಬರಿಸುವಷ್ಟು ಶಾಂತಿ ಬೇಡ, ಕೈ ನಡುಗದಷ್ಟು ಸಾಕು. ಭ್ರಾಮರಿಯ ಗುಂಯ್ ಸದ್ದೂ ಬಿಡುವ ಉಸಿರನ್ನು ಉದ್ದ ಮಾಡುತ್ತದೆ, ಎಣಿಸುವ ಗೋಜಿಲ್ಲದ್ದರಿಂದ ಮಕ್ಕಳಿಗೆ ಅದೇ ಸುಲಭ. ಕಪಾಲಭಾತಿ, ಭಸ್ತ್ರಿಕಾ ಬೇರೆ ಜಾತಿಯವು. ಅವು ಮೈಯನ್ನು ಚುರುಕು ಮಾಡುತ್ತವೆ. ಗಾಬರಿಯಲ್ಲಿರುವವರು ಅವುಗಳನ್ನು ಟಿವಿ ನೋಡಿ ಮಾಡಬಾರದು, ಗುರುಗಳ ಹತ್ತಿರವೇ ಕಲಿಯಬೇಕು.

ಯಾವ ಬಗೆ ಆರಿಸಿಕೊಂಡರೂ ಒಂದು ಮಾತು ಒತ್ತಿ ಹೇಳುತ್ತೇನೆ. ಕಷ್ಟದ ದಿನಕ್ಕೆ ಅಂತ ಎತ್ತಿಡಬೇಡಿ. ನೆಮ್ಮದಿಯ ದಿನಗಳಲ್ಲಿ ರೂಢಿ ಮಾಡಿಕೊಂಡವರಿಗೆ ಮಾತ್ರ ಗಾಬರಿಯ ಹೊತ್ತಿಗೆ ಅದು ನೆನಪಾಗುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಹೋಗುವ ಜೀಪಿಗೆ ಕಾಯುವ ಹೊತ್ತು, ಗೋಣಿಕೊಪ್ಪದಿಂದ ಮಡಿಕೇರಿಗೆ ಬಸ್ಸಿನಲ್ಲಿ ಕೂತ ಹೊತ್ತು, ರಾತ್ರಿ ದೀಪ ಆರಿಸಿದ ಮೇಲಿನ ಐದು ನಿಮಿಷ, ಯಾವುದಾದರೂ ಆಗುತ್ತದೆ. ದಿನಾ ಅದೇ ಹೊತ್ತಾದರೆ ಒಳ್ಳೆಯದು. ಸೌದೆ ಒಲೆಯ ಹೊಗೆ ತುಂಬಿದ ಅಡುಗೆಮನೆಯಲ್ಲಿ ಮಾಡಬೇಡಿ. ಚಳಿಗಾಲದಲ್ಲಿ ಮಂಜು ಮುಸುಕಿದ ಬೆಳಿಗ್ಗೆ ಹೊರಗೆ ನಿಂತು ಬಾಯಿಂದ ತಣ್ಣನೆ ಗಾಳಿ ಎಳೆದರೆ ಉಬ್ಬಸ ಇರುವವರಿಗೆ ಎದೆ ಕಟ್ಟುತ್ತದೆ. ಅಂಥವರು ಒಳಗೇ ಕೂತು ಮೂಗಿನಿಂದಲೇ ಎಳೆಯಲಿ. ಬೆಲ್ಲದ ಕಾಫಿ ನಮ್ಮೂರಿನ ಪ್ರೀತಿ, ಆದರೆ ಸಂಜೆ ಮೇಲೆ ಎರಡು ಮೂರು ಲೋಟ ಕುಡಿದು ರಾತ್ರಿ ಎದೆ ಡವಡವ ಅನ್ನುತ್ತಿದ್ದರೆ ಮೊದಲು ಲೋಟದ ಲೆಕ್ಕ ನೋಡಿಕೊಳ್ಳಿ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು.

ಉಸಿರಾಟದಿಂದ ಸಾಲ ತೀರುವುದಿಲ್ಲ, ಕಾಳುಮೆಣಸಿನ ರೇಟು ಏರುವುದಿಲ್ಲ. ತಲೆ ಕೆಲಸ ಮಾಡುವ ಮಟ್ಟಕ್ಕೆ ಮೈಯನ್ನು ಇಳಿಸುತ್ತದೆ. ಬ್ಯಾಂಕಿನವರ ಹತ್ತಿರ ಕಂತು ಮುಂದೂಡಿಸಲು ಏನು ಮಾತಾಡಬೇಕು ಅನ್ನುವುದು ಹೊಳೆಯುವುದು ಆ ಮಟ್ಟಕ್ಕೆ ಬಂದ ಮೇಲೆಯೇ.

ಯಾರು ಎಚ್ಚರದಿಂದ ಇರಬೇಕು

ಗರ್ಭಿಣಿಯರು, ಬಿ.ಪಿ. ಹತೋಟಿಗೆ ಬಾರದವರು, ಹೃದಯದ ಕಾಯಿಲೆ ಇರುವವರು ಉಸಿರು ಹಿಡಿದಿಡುವ ಕ್ರಮಗಳನ್ನು ಬಿಟ್ಟು ನಿಧಾನಕ್ಕೆ ಎಳೆದು ಬಿಡುವುದಷ್ಟೇ ಮಾಡಲಿ, ಅದೂ ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ಇದು ಮಾತ್ರೆಗೆ ಬದಲಿಯಲ್ಲ, ಇದನ್ನು ನಂಬಿ ಮಾತ್ರೆ ನಿಲ್ಲಿಸಬಾರದು. ಮೆಣಸು ಕೊಯ್ಯಲು ಏಣಿ ಮೇಲಿರುವಾಗ, ಗಾಡಿ ಓಡಿಸುವಾಗ ಬೇಡವೇ ಬೇಡ. ಎದೆನೋವು ಎಡಗೈಗೋ ದವಡೆಗೋ ಹರಡುತ್ತಿದ್ದರೆ, ತಣ್ಣನೆ ಬೆವರು ಬರುತ್ತಿದ್ದರೆ ಅದು ಒತ್ತಡ ಅಂದುಕೊಂಡು ಕೂರಬಾರದು, 108ಕ್ಕೆ ಫೋನ್ ಮಾಡಬೇಕು.

ದುರಂತ ಕಂಡವರ ವಿಷಯದಲ್ಲಿ ಇನ್ನೂ ಒಂದು ಗಮನಿಸಬೇಕು. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನ ಇಟ್ಟರೆ ಕೆಲವರಿಗೆ ಹಳೆಯದೆಲ್ಲ ನುಗ್ಗಿ ಬಂದು ಗಾಬರಿ ಏರುತ್ತದೆ. ಹಾಗಾದರೆ ಅವರು ಸೋತರು ಅಂತಲ್ಲ. ಕಣ್ಣು ತೆರೆದೇ ಮಾಡಲಿ, ಎದುರಿಗೆ ಕಾಣುವ ಬಾಗಿಲು, ಕ್ಯಾಲೆಂಡರ್, ಕೊಡೆ ಹೀಗೆ ಒಂದೊಂದರ ಹೆಸರು ಹೇಳುತ್ತಾ ಉಸಿರು ಬಿಡಲಿ. ಅಂಗಾಲು ನೆಲಕ್ಕೆ ಒತ್ತಿ ಹಿಡಿಯಲಿ. ಜೊತೆಗೆ ಯಾರಾದರೂ ಕೂತಿರಲಿ. ಅದೂ ಆಗದಿದ್ದರೆ ಉಸಿರಿನ ದಾರಿ ಬಿಟ್ಟು ನಡೆದಾಡುವುದು, ಪಾತ್ರೆ ತೊಳೆಯುವುದು, ಮಾತಾಡುವುದು ಒಳ್ಳೆಯದು.

ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಬದುಕು ಸಾಕು ಅನ್ನುವ ಮಾತು ಬಾಯಿಗೆ ಬರುತ್ತಿದ್ದರೆ, ಕುಡಿತ ಜಾಸ್ತಿಯಾಗುತ್ತಿದ್ದರೆ ಇಷ್ಟರಿಂದ ಸಾಲದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಬಹುದು. ಅಲ್ಲಿಗೆ ಹೋಗಲು ಹಿಂಜರಿಕೆ ಇದ್ದರೆ 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಇದೆ. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ "ನಿದ್ದೆ ಬರ್ತಿಲ್ಲ" ಅಂದರೂ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.